ಹೆಸರು ಹೇಳಬಾರದ ಚಟ್ನಿ

ನಮ್ಮ ಅಡುಗೆಮನೆಯಲ್ಲಿ ಒಂದು ಕಾಳಿಗೆ ಹೆಸರಿರಲಿಲ್ಲ. ಹೊಲದಲ್ಲಿ ಅದಕ್ಕೆ ಹೆಸರಿತ್ತು. ಗಾಣದ ಮನೆಯಲ್ಲಿತ್ತು, ಮಾಗಡಿ ಸಂತೆಯಲ್ಲೂ ಇತ್ತು. ನಮ್ಮ ಹೊಸಲು ದಾಟಿ ಒಳಗೆ ಬರುವಾಗ ಮಾತ್ರ ಅದು ತನ್ನ ಹೆಸರನ್ನು ಕೆರದ ಹಾಗೆ ಜಗಲಿಯ ಕೆಳಗೆ ಬಿಟ್ಟು ಬರುತ್ತಿತ್ತು. ಅಜ್ಜಿ ಅದನ್ನು 'ಹಳದಿ ಹೂವಿಂದು' ಎನ್ನುತ್ತಿದ್ದಳು. ಅವ್ವ ಅಷ್ಟನ್ನೂ ಹೇಳದೆ 'ಅದು' ಎಂದು ಮುಗಿಸುತ್ತಿದ್ದಳು. ನೆರೆಮನೆಯಿಂದ ಒಂದು ಪಾವು ಇಸಿದುಕೊಂಡು ಬರಬೇಕಾದರೆ ನನ್ನನ್ನೇ ಕಳಿಸುತ್ತಿದ್ದರು. ಆ ಹೆಸರು ಹೇಳಬಹುದಾದ ಹೆಣ್ಣುಬಾಯಿ ಮನೆಯಲ್ಲಿ ನನ್ನದೊಂದೇ.

ಅದು ಹುಚ್ಚೆಳ್ಳು. ನಮ್ಮ ತಾತನ ಹೆಸರು, ಆ ಕಾಳಿನ ಹೆಸರು, ಎರಡೂ ಶುರುವಾಗುವುದು ಒಂದೇ ರೀತಿ. ಮುಂದಿನರ್ಧವನ್ನು ನಾನು ಇಲ್ಲಿ ಬರೆಯುವುದಿಲ್ಲ, ಈ ಮಾತಿಗೆ ಅರ್ಧ ಹೆಸರೇ ಸಾಕು. ಗಂಡನ ಹೆಸರನ್ನು ಹೆಂಡತಿ, ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು, ಆಡಿದರೆ ಅವರ ಆಯಸ್ಸು ಸವೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೆಸರಿನ ಹಾಗೆ ಕೇಳಿಸುವ ಮಾತನ್ನೂ ಆಡುವಂತಿಲ್ಲ. ಹುಚ್ಚು ನಾಯಿ ಬೀದಿಗೆ ನುಗ್ಗಿದ ದಿನ ಕೂಡ ಅವ್ವ 'ತಲೆಕೆಟ್ಟ ನಾಯಿ ಬಂತು, ಒಳಗ್ ಬನ್ರೋ' ಎಂದೇ ಕೂಗಿದ್ದಳು. ನಾಯಿ ಕಚ್ಚಿದರೂ ಚಿಂತೆಯಿಲ್ಲ, ಮಾವನ ಹೆಸರು ಬಾಯಿಗೆ ಬರಬಾರದು.

ಅಜ್ಜಿಯ ಪಾಡು ಇನ್ನೂ ಕಷ್ಟದ್ದು. ಅವಳಿಗೆ ಗಂಡನ ಹೆಸರೂ ಇಲ್ಲ, ಮಾವನ ಹೆಸರೂ ಇಲ್ಲ. ಅವಳ ಮಾವ, ಅಂದರೆ ನಾನು ಕಣ್ಣಿಂದ ನೋಡದ ಮುತ್ತಾತ, 'ಕರಿ' ಎಂದು ಶುರುವಾಗುವ ಹೆಸರಿನವನಂತೆ. ಹಾಗಾಗಿ ಅವಳ ಬಾಯಲ್ಲಿ ಕರಿ ಹಸು 'ಮಸಿ ಹಸು'ವಾಗಿತ್ತು. ಕರಿ ಕಂಬಳಿ ಬರೀ ಕಂಬಳಿಯಾಗಿತ್ತು. ಕರಿಬೇವು ಬರೀ 'ಬೇವು' ಆಗಿತ್ತು. 'ಬೇವು ತಗಂಬಾ' ಎಂದರೆ ಬಚ್ಚಲ ನೀರು ಹರಿಯುವ ಕಡೆ ಇದ್ದ ಕರಿಬೇವಿನ ಗಿಡದಿಂದ ಒಂದೆಸಳು ಮುರಿದು ತರಬೇಕೆಂದು ನಮಗೆಲ್ಲ ತಿಳಿದಿತ್ತು. ಬೇರೆ ಊರಿಂದ ಬಂದವರು ನಮ್ಮ ಅಡುಗೆಮನೆಯ ಮಾತು ಕೇಳಿದರೆ ಇವರಿಗೆಲ್ಲ ಏನೋ ಆಗಿದೆ ಎಂದುಕೊಂಡು ಎದ್ದು ಹೋಗುತ್ತಿದ್ದರು.

ನಮ್ಮದು ಕಲ್ಯದ ಮಗ್ಗುಲಿನ ಒಂದು ಹಳ್ಳಿ. ಮಹಾರಾಜರ ಕಾಲ. ಈಗ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಮನೆಯಲ್ಲ, ಮನುಷ್ಯರಲ್ಲ, ರಾಗಿ ಹೊಲದ ನಡುವೆ ಹಳದಿ ಗೆರೆ ಎಳೆದ ಹಾಗೆ ಹೂ ಬಿಟ್ಟ ಅಕ್ಕಡಿ ಸಾಲುಗಳು. ರಾಗಿಯ ನಡುನಡುವೆ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಅದೇ ಅಕ್ಕಡಿ. ದೀಪಾವಳಿ ಹತ್ತಿರ ಬರುವಾಗ ಆ ಹೂವಿನ ಮೇಲೆ ಇಬ್ಬನಿ ಕೂತಿರುತ್ತಿತ್ತು, ಹೊಲದ ಆ ತುದಿಯಲ್ಲಿ ನಿಂತ ಅಪ್ಪ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿದ್ದ. ಅದರಾಚೆ ಸಾವನದುರ್ಗದ ಬೆನ್ನು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಕಾಣುತ್ತಿತ್ತು. ಇದನ್ನೆಲ್ಲ ನಾನು ನಿಜವಾಗಿ ನೋಡಿದ್ದೋ, ಆಮೇಲೆ ಕನಸಿನಲ್ಲಿ ನೋಡಿ ಸೇರಿಸಿಕೊಂಡದ್ದೋ, ಈಗ ಹೇಳಲಾರೆ. ಹೂವಿನ ಬಣ್ಣ ಮಾತ್ರ ನಿಜ.

ಆ ಸಾಲುಗಳೇ ನಮ್ಮನ್ನು ಸಾಕಿದ್ದು. ರಾಗಿ ಸಾಕಿತು ಎನ್ನುತ್ತಾರೆ, 'ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ' ಎಂದು ಗಾದೆಯನ್ನೂ ಹೇಳುತ್ತಾರೆ. ಸರಿಯೇ. ಆದರೆ ಹಿಟ್ಟು, ಅಂದರೆ ಮುದ್ದೆ, ಎಲ್ಲರ ಮನೆಯಲ್ಲೂ ಒಂದೇ. ಗುಂಡಗೆ, ಬಿಸಿಯಾಗಿ, ಹಬೆಯಾಡುತ್ತಾ ಗಂಗಳದಲ್ಲಿ ಕೂತಿರುತ್ತದೆ. ಅದನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ನುಂಗಿಸುವುದು ಮಗ್ಗುಲಲ್ಲಿರುವ ನಂಜಿಕೊಳ್ಳುವ ಪದಾರ್ಥ. ಯಾವ ಮನೆಯ ಹೆಂಗಸು ಎಂಥವಳು ಎನ್ನುವುದು ಆ ಮಗ್ಗುಲಿನದರಲ್ಲಿ ಗೊತ್ತಾಗುತ್ತಿತ್ತು.

ಬೇಳೆ ಹಾಕಿದ ಗಟ್ಟಿ ಸಾರು ನೆಂಟರು ಬಂದ ದಿನದ ಮಾತು. ಉಳಿದ ದಿನ ಅಜ್ಜಿ ಮತ್ತು ಅವ್ವ ಏನೂ ಇಲ್ಲದ್ದರಿಂದ ಏನಾದರೊಂದನ್ನು ಮಾಡುತ್ತಿದ್ದರು. ಸೊಪ್ಪು ಕಾಳು ಬೇಯಿಸಿ ಬಸಿದರೆ ನೀರು ಸಾರಾಗುತ್ತಿತ್ತು, ಉಳಿದದ್ದು ಪಲ್ಯವಾಗುತ್ತಿತ್ತು. ಒಂದು ಮಡಕೆಯಲ್ಲಿ ಎರಡು ಅಡುಗೆ. ಹೀರೇಕಾಯಿಯ ತಿರುಳು ಮಧ್ಯಾಹ್ನಕ್ಕಾದರೆ ಅದರ ಸಿಪ್ಪೆ ಸಂಜೆಯ ಚಟ್ನಿ. ಹುಣಸೆ ಮರ ಚಿಗುರಿದ ಕಾಲದಲ್ಲಿ ಹುಣಸೆಹಣ್ಣಿನ ಮಡಕೆಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ, ಚಿಗುರನ್ನೇ ಜಜ್ಜಿ ಹುಳಿ ಮಾಡುತ್ತಿದ್ದರು. ಬದುವಿನ ಮೇಲೆ ಯಾರೂ ಬಿತ್ತದೆ ಹುಟ್ಟುವ ಅಣ್ಣೆಸೊಪ್ಪು, ಗಣಿಕೆಸೊಪ್ಪುಗಳನ್ನು ಅವ್ವ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದಳು. ಕೆಂಡದಲ್ಲಿ ಸುಟ್ಟ ಒಂದು ಬದನೆಕಾಯಿ ಇಡೀ ಮನೆಗೆ ಗೊಜ್ಜಾಗುತ್ತಿತ್ತು. ಹೇಗೆ ಆಗುತ್ತಿತ್ತೋ, ನಾನು ಸಂಸಾರ ಮಾಡಿದ ಮೇಲೂ ನನಗೆ ಆ ಲೆಕ್ಕ ಹತ್ತಲಿಲ್ಲ.

ಇಷ್ಟರಲ್ಲಿ ಯಾವುದೂ ಇಲ್ಲದ ದಿನಕ್ಕೆ 'ಅದು' ಇತ್ತು. ಕಾಳನ್ನು ಕೇರಿ, ಮಣ್ಣಿನ ಓಡಿನಲ್ಲಿ ಹಾಕಿದರೆ ಚಿಟಿಚಿಟಿ ಸಿಡಿಯುತ್ತಿತ್ತು. ಜೊತೆಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಉಪ್ಪು. ಒಳಕಲ್ಲಿನಲ್ಲಿ ಅರೆಯುತ್ತಾ ಹೋದ ಹಾಗೆ ಎಣ್ಣೆ ಬಿಟ್ಟುಕೊಂಡು ಕಪ್ಪಗೆ ಹೊಳೆಯುತ್ತಿತ್ತು. ಅದರ ವಾಸನೆ ಹೊರಟರೆ ಕೊಟ್ಟಿಗೆಯಲ್ಲಿದ್ದವರೂ ಕೈ ತೊಳೆದುಕೊಂಡು ಬರುತ್ತಿದ್ದರು.

ತಾತನಿಗೆ ಬಡಿಸುವುದು ಅಜ್ಜಿಯ ಹಕ್ಕು. ಆ ಹಕ್ಕನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ನಮಗೆಲ್ಲ ಒಳಕಲ್ಲಿನಿಂದ ತೆಗೆದ ಮೇಲೆ ತಾತನ ಪಾಲನ್ನು ಅವಳೇ ಏನೋ ಮಾಡಿ, ಸೆರಗು ಮರೆ ಮಾಡಿಕೊಂಡು ಒಯ್ಯುತ್ತಿದ್ದಳು. ಗಂಡನಿಗೆ ಒಂದು ತುತ್ತು ಹೆಚ್ಚಿಡುತ್ತಾಳೆ ಎಂದು ಅವ್ವ ನಗುತ್ತಿದ್ದಳು. ಅವ್ವನಿಗೂ ತಾತನಿಗೂ ನೇರ ಮಾತಿರಲಿಲ್ಲ. ಜಗಳವಿತ್ತೆಂದಲ್ಲ, ಸೊಸೆ ಮಾವನ ಎದುರು ನಿಲ್ಲುವ ಪದ್ಧತಿಯಿಲ್ಲ. ಬಾಗಿಲ ಹಿಂದಿನಿಂದ ಅವ್ವ ನನಗೆ ಹೇಳುತ್ತಿದ್ದಳು, ನಾನು ತಾತನಿಗೆ ಹೇಳುತ್ತಿದ್ದೆ. ಮಾತು ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿದ್ದರೂ ನನ್ನ ಮೂಲಕವೇ ಹೋಗಬೇಕಾಗಿತ್ತು.

ಶಿವರಾತ್ರಿಗೆ ಮುಂಚೆ ಅಜ್ಜಿ ಮಲಗಿದಳು. ಹೆಚ್ಚು ದಿನ ನರಳಲಿಲ್ಲ. ಕೊನೆಗಾಲದಲ್ಲಿ ಅವಳ ಬಾಯಿಗೆ ನೀರು ಬಿಡುತ್ತಿದ್ದದ್ದು ಅವ್ವ. ಅಂಥ ಹೊತ್ತಿನಲ್ಲೂ ಅಜ್ಜಿಗೆ ತಾತನ ಊಟದ ಯೋಚನೆ. ಅವ್ವನ ಮುಂಗೈ ಹಿಡಿದುಕೊಂಡು ಹೇಳಿದಳು:

"ಅವ್ರ ಬಾಯಿ ಸಪ್ಪೆ ಆದ್ರೆ ಚಟ್ನಿಗೆ ಒಸಿ ಬೇವು ಉರ್ದಾಕವ್ವ. ಮರೀಬ್ಯಾಡ."

ಅವ್ವ ಆಗಲಿ ಎಂದು ತಲೆಯಾಡಿಸಿದಳು. ಶಿವರಾತ್ರಿ ಕಳೆಯುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ತಾತ ಅಳಲಿಲ್ಲ. ವಿಭೂತಿ ಹಚ್ಚಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತವನು ಹಾಗೇ ಕೂತುಬಿಟ್ಟ. ತಿಥಿ ಮುಗಿಯಿತು, ನೆಂಟರು ಹೋದರು. ಆಮೇಲೆ ನಿಧಾನವಾಗಿ ನಮಗೆ ಗೊತ್ತಾಯಿತು, ತಾತ ಉಣ್ಣುತ್ತಿಲ್ಲ. ಗಂಗಳದ ಮುಂದೆ ಕೂರುತ್ತಿದ್ದ, ಹಿಟ್ಟು ಮುರಿಯುತ್ತಿದ್ದ, ಒಂದು ತುತ್ತು ನುಂಗಿ ನೀರು ಕುಡಿದು ಏಳುತ್ತಿದ್ದ. ಬಾಯಿಗೆ ಮಣ್ಣಿನಂತಾಗುತ್ತದೆ ಎಂದು ನನ್ನ ಹತ್ತಿರ ಹೇಳಿದ. ಹಟಕ್ಕೆ ಬಿಟ್ಟಿದ್ದಲ್ಲ, ಅವನಿಗೆ ನಿಜವಾಗಿಯೂ ಆಗುತ್ತಿರಲಿಲ್ಲ. ರಟ್ಟೆಯ ಚರ್ಮ ಜೋತುಬಿತ್ತು. ಹೊಲಕ್ಕೆ ಹೋಗಿ ಬರುತ್ತಿದ್ದವನು ಹಿತ್ತಲಿಗೆ ಹೋಗಿ ಬರುವುದಕ್ಕೂ ಗೋಡೆ ಹಿಡಿಯತೊಡಗಿದ.

ಅವ್ವ ಅಪ್ಪನ ಊಟವನ್ನೂ ನಮ್ಮ ಊಟವನ್ನೂ ಮರೆತು ತಾತನೊಬ್ಬನ ನಾಲಿಗೆಯ ಬೆನ್ನು ಹತ್ತಿದಳು. ಅವಳಿಗೆ ತಂದೆ ತಾಯಿ ಇರಲಿಲ್ಲ. ಹಸೆಮಣೆಯಿಂದ ಎದ್ದ ದಿನ ತಾತ 'ಇನ್ಮೇಲಿಂದ ನಿನ್ ತವ್ರೂ ಇದೇ' ಎಂದಿದ್ದನಂತೆ. ನೇರವಾಗಿ ಹೇಳಿದ್ದಲ್ಲ, ಅಪ್ಪನಿಗೆ ಹೇಳುವಂತೆ ಹೇಳಿ ಅವಳಿಗೆ ಕೇಳಿಸಿದ್ದು. ಅದನ್ನು ಅವ್ವ ಮರೆತಿರಲಿಲ್ಲ. ಒಂದು ದಿನ ಹುರುಳಿಯ ಕಟ್ಟಿನ ಸಾರು, ಒಂದು ದಿನ ಸುಟ್ಟ ಬದನೆಕಾಯಿ, ಒಂದು ದಿನ ಹುಣಸೆ ಚಿಗುರು. ತಾತ ಎಲ್ಲದಕ್ಕೂ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಬಿಡುತ್ತಿದ್ದ. ಅವನು ಬಿಟ್ಟದ್ದನ್ನು ನಾವು ತಿನ್ನುತ್ತಿದ್ದೆವು. ನಾನು ದುಂಡಗಾದೆ, ತಾತ ಬಡವಾದ.

ಆಗ ಅಜ್ಜಿಯ ಮಾತು ಅವ್ವನ ನೆನಪಿಗೆ ಬಂತು. ಹುಚ್ಚೆಳ್ಳು ಹುರಿದಳು, ಒಂದು ಹಿಡಿ ಬೇವು ಹುರಿದು ಹಾಕಿದಳು. ಬೇವು ಎಂದರೆ ನಮ್ಮ ಮನೆಯ ಬೇವು, ಕರಿಬೇವು. ತಾತ ನಾಲಿಗೆಗಿಟ್ಟು, 'ಇದಲ್ಲ' ಎಂದ. ಹಾಕಿದ್ದು ಸಾಲದೇನೋ ಎಂದು ಮಾರನೆಯ ದಿನ ಎರಡು ಹಿಡಿ ಹಾಕಿದಳು. 'ಇದಲ್ಲ.' ನೆರಳಲ್ಲಿ ಒಣಗಿಸಿ ಹಾಕಿದಳು, ಎಳೆಯ ಎಲೆ ಹಾಕಿದಳು, ಬಲಿತದ್ದು ಹಾಕಿದಳು. ಬಚ್ಚಲ ಪಕ್ಕದ ಗಿಡ ಬೋಳಾಗಿ ನಿಂತಿತು. ನೆರೆಯವರ ಗಿಡಕ್ಕೂ ಕೈ ಹಾಕಿ ಅವರಿಂದ ಅನ್ನಿಸಿಕೊಂಡೆವು. ಯುಗಾದಿ ಬಂದು ಹೋಯಿತು. ಸಾವಾದ ಮನೆಗೆ ವರ್ಷ ತುಂಬುವ ತನಕ ಹಬ್ಬವಿಲ್ಲ, ಆದ್ದರಿಂದ ಆ ಸಲ ನಮ್ಮ ಮನೆಗೆ ತೋರಣವೂ ಬರಲಿಲ್ಲ, ಬೇವು-ಬೆಲ್ಲವೂ ಬರಲಿಲ್ಲ. ಬೀದಿಯೆಲ್ಲ ಹಸಿರು ಕಟ್ಟಿಕೊಂಡು ನಿಂತಿತ್ತು, ನಾವು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೆವು.

ಯುಗಾದಿ ಕಳೆದ ಮೇಲೆ ಸೋದರತ್ತೆ ಬಂದಳು. ಅವಳು ಅಪ್ಪನ ಅಕ್ಕ, ಚನ್ನಪಟ್ಟಣಕ್ಕೆ ಕೊಟ್ಟಿದ್ದರು. ಮನೆಯವರದು ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ, ಮಾತಿನಲ್ಲಿ ಒಂದು ತೂಕ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿವರೆಗೆ ರೈಲು, ಅಲ್ಲಿಂದ ಗಾಡಿ. ಗಾಡಿಯಿಂದ ಇಳಿದವಳು ತಂದೆಯನ್ನು ನೋಡಿ ಜಗಲಿಯ ಮೇಲೇ ಕುಸಿದು ಕೂತಳು. ಸುಧಾರಿಸಿಕೊಂಡ ಮೇಲೆ ಬೀದಿಯವರಿಗೆಲ್ಲ ಕೇಳುವಂತೆ ಅಂದಳು:

"ಇಕ್ಕೋರ ಕೈ ಚೆಂದಾಗಿದ್ರೆ ನಮ್ಮಪ್ಪ ಇಂಗ್ಯಾಕ್ ಒಣಗ್ತಿದ್ದ?"

ಅಪ್ಪ ಅಕ್ಕನ ಮುಂದೆ ಬಾಯಿ ಬಿಡುವವನಲ್ಲ, ದನಕ್ಕೆ ನೀರು ಕುಡಿಸುವ ನೆಪ ಮಾಡಿ ಎದ್ದು ಹೋದ. ಮುಂದಿನ ಸೋಮವಾರ ಗಾಡಿ ತಂದು ತಂದೆಯನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗುವುದಾಗಿ ಅತ್ತೆ ಹೇಳಿದಳು. ಅಷ್ಟು ದೂರದ ಗಾಡಿಯ ಕುಲುಕಾಟವನ್ನು ಆ ದೇಹ ತಡೆಯುವುದಿಲ್ಲ ಎನ್ನುವುದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ತಡೆದರೂ ಸೊಸೆ ಹೊಟ್ಟೆಗೆ ಹಾಕದೆ ಮಾವನನ್ನು ಊರು ಬಿಡಿಸಿದಳು ಎಂಬ ಮಾತು ಅವ್ವನ ತಲೆಯ ಮೇಲೆ ಉಳಿಯುತ್ತಿತ್ತು. ನನಗೆ ಅತ್ತೆಯ ಮೇಲೆ ಕೋಪ ಬಂತು, ಈಗಲೂ ಸ್ವಲ್ಪ ಇದೆ. ಆದರೆ ಅವಳು ಹೋಗುವಾಗ ಗಾಡಿಯ ಹಿಂದಿನಿಂದ ತಂದೆಯನ್ನೇ ನೋಡುತ್ತಾ ಹೋದದ್ದನ್ನೂ ನಾನು ಕಂಡಿದ್ದೇನೆ.

ಅವ್ವ ಆ ವಾರವೆಲ್ಲ ಚಟ್ನಿ ಅರೆದಳು. ಶನಿವಾರ ಮಧ್ಯಾಹ್ನ ತಾತ ಎಂದಿನಂತೆ ಗಂಗಳ ಸರಿಸಿದ. ಏನು ಕಮ್ಮಿಯಾಗಿದೆ ಕೇಳು ಎಂದು ಅವ್ವ ಬಾಗಿಲ ಹಿಂದಿನಿಂದ ನನಗೆ ಕೈಸನ್ನೆ ಮಾಡಿದಳು. ಕೇಳಿದೆ. ತಾತ ಕಣ್ಣು ಮುಚ್ಚಿಕೊಂಡೇ ಸಣ್ಣ ದನಿಯಲ್ಲಿ ಏನೋ ಅಂದ. ನಾನು ಒಳಗೆ ಹೋಗಿ, ಕೇಳಿಸಿದ್ದನ್ನು ಹಾಗೇ ಹೇಳಿದೆ:

"ಕಯ್ಯಿಲ್ಲ ಅಂದ ಕಣವ್ವ ತಾತ."

ಅವ್ವ ಒಳಕಲ್ಲಿನ ಮುಂದೆ ಕೂತುಬಿಟ್ಟಳು. ಕೈ ಇಲ್ಲ. ಅಜ್ಜಿಯ ಕೈ ಇಲ್ಲ. ಅತ್ತೆ ಬೀದಿಯಲ್ಲಿ ನಿಂತು ಆಡಿದ ಮಾತನ್ನೇ ಮಾವನೂ ಆಡಿದ. ಉಪ್ಪು ಕಮ್ಮಿಯಾದರೆ ಹಾಕಬಹುದು, ಹುಳಿ ಕಮ್ಮಿಯಾದರೆ ಹಿಂಡಬಹುದು. ಹೋದವಳ ಕೈಯನ್ನು ಎಲ್ಲಿಂದ ತರುವುದು? ಅವ್ವ ಸದ್ದಿಲ್ಲದೆ ಅತ್ತಳು. ನಾನು ಅವಳ ಬೆನ್ನಿಗೆ ಒರಗಿ ಕೂತೆ. ಅಳುವ ಬೆನ್ನು ಒಳಗಿನಿಂದ ಅಲುಗುವುದು ನನಗೆ ಈಗಲೂ ನೆನಪಿದೆ. ಹೊರಗೆ ಬಿಸಿಲು, ಜಗಲಿಯ ಮೇಲೆ ತಾತ, ನಡುವೆ ಒಂದು ಹೊಸಲು. ಆ ಮಧ್ಯಾಹ್ನ ಎಷ್ಟು ಹೊತ್ತು ಹಾಗೆ ನಿಂತಿತ್ತೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಸ್ನಾನ ಮಾಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸಲು ದಾಟಿದಳು. ನಾನು ಹಿಂದೆ ಹೋದೆ. ಅವಳು ಹೋಗಿ ತಾತನ ಎದುರಿಗೆ ನಿಂತಳು. ಬಾಗಿಲ ಮರೆಯಿಲ್ಲ, ಕಂಬದ ಮರೆಯಿಲ್ಲ, ನಡುವೆ ನಾನೂ ಇಲ್ಲ. ತಾತ ಗಾಬರಿಯಾಗಿ ಕಾಲು ಮಡಿಸಿಕೊಂಡ.

"ಅತ್ತೆಮ್ಮನ ಕೈಯ ನಾನ್ ಎಲ್ಲಿಂದ ತರ್ಲಿ ಮಾವಯ್ಯ? ಅದೊಂದ್ ಬುಟ್ಟು ಏನ್ ಬೇಕಾದ್ರೂ ಯೋಳಿ, ಮಾಡ್ತೀನಿ."

ತಾತ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲೇನೋ. ಅರ್ಥವಾಗದೆ ನನ್ನ ಕಡೆ ತಿರುಗಿದ, ಮತ್ತೆ ಅವಳ ಕಡೆ ತಿರುಗಿದ. ಆಮೇಲೆ ಅವನ ಬೊಚ್ಚು ಬಾಯಿ ತೆರೆಯಿತು.

"ಕೈಯಲ್ಲ ಕಣವ್ವ. ಕಯ್ಯಿ. ಬೇವಿನ ಕಯ್ಯಿ."

ಇಲ್ಲಿ ನಮ್ಮ ಕಡೆಯ ನಾಲಿಗೆಯ ವಿಷಯ ಒಂದು ಮಾತು ಹೇಳಬೇಕು. ನಮ್ಮಲ್ಲಿ 'ಹ' ಎನ್ನುವ ಅಕ್ಷರ ಬಾಯಲ್ಲಿ ನಿಲ್ಲುವುದಿಲ್ಲ. ಹಾಲು ಆಲು, ಹೂವು ಊವು. ಹಾಗೆಯೇ ಕಹಿ ಕಯ್ಯಿ. ಕೈಯೂ ಬಹುಮಟ್ಟಿಗೆ ಕಯ್ಯೇ. ತಾತ ಶನಿವಾರ ಹೇಳಿದ್ದು ಚಟ್ನಿಯಲ್ಲಿ ಕಹಿಯಿಲ್ಲವೆಂದು. ಅವ್ವ ಕೇಳಿಸಿಕೊಂಡದ್ದು ಅಜ್ಜಿಯ ಕೈಯಿಲ್ಲವೆಂದು. ನಡುವೆ ಇದ್ದ ನಾನು ಎರಡಕ್ಕೂ ಹೊಂದುವ ಹಾಗೆ ತಲುಪಿಸಿದ್ದೆ.

ಯಾವಾಗಲೋ ಹರೆಯದಲ್ಲಿ ತಾತನಿಗೆ ಚಳಿಜ್ವರ ಬಂದು ನಾಲಿಗೆ ಸತ್ತುಹೋಗಿತ್ತಂತೆ. ಆಗ ಅಜ್ಜಿ ಬೇವಿನ ಹೂವನ್ನು ಒಣಗಿಸಿ, ತುಪ್ಪದ ಜಿಡ್ಡಿನಲ್ಲಿ ಕಪ್ಪಗೆ ಹುರಿದು, ಅವನ ಪಾಲಿನ ಚಟ್ನಿಗೆ ಮಾತ್ರ ಹೊಸಕಿ ಹಾಕಿದಳಂತೆ. ನಾಲಿಗೆ ಎದ್ದಿತು. ಆಮೇಲೆ ಆ ಕಹಿಯಿಲ್ಲದೆ ಅವನಿಗೆ ಉಣ್ಣಲಾಗಲಿಲ್ಲ, ಅವಳು ಬಿಡಲೂ ಇಲ್ಲ. ಪ್ರತಿ ಬೇಸಿಗೆ ಹೂ ಆರಿಸಿ ಇಡುತ್ತಿದ್ದಳು. ಇಷ್ಟನ್ನೂ ತಾತ ತಡೆತಡೆದು ಅವ್ವನಿಗೇ ಹೇಳಿದ, ನನ್ನ ಮೂಲಕವಲ್ಲ.

ಅವ್ವ ಹಣೆ ಚಚ್ಚಿಕೊಂಡಳು. ಜನ್ಮವಿಡೀ ಎಲ್ಲ ಮಾತನ್ನೂ ಸುತ್ತಿ ಬಳಸಿ ಆಡಿದ ಅಜ್ಜಿ ಕೊನೆಯಲ್ಲಿ ಒಂದೇ ಒಂದು ಮಾತನ್ನು ನೆಟ್ಟಗೆ ಆಡಿದ್ದಳು. ಬೇವು ಎಂದರೆ ಬೇವೇ ಆಗಿತ್ತು. ಅವಳ ಮಾತಿಗೆ ಪಳಗಿದ ನಾವು ಅದನ್ನೂ ಸುತ್ತಿಕೊಂಡೇ ಅರ್ಥ ಮಾಡಿಕೊಂಡಿದ್ದೆವು.

ಊರ ಬಾವಿಯ ಹತ್ತಿರ ದೊಡ್ಡ ಬೇವಿನ ಮರವಿತ್ತು. ಚೈತ್ರ ಮಾಸ, ಮರದ ತುಂಬ ಹೂ. ಅವ್ವ ಹಳೆಯ ಸೀರೆಯೊಂದನ್ನು ಮರದಡಿ ಹಾಸಿದಳು. ನಾವಿಬ್ಬರೂ ಅದರ ಅಂಚಿನಲ್ಲಿ ಕೂತೆವು. ಕೊಂಬೆ ಅಲುಗಿಸುವುದು ಬೇಡ, ತಾನಾಗಿ ಉದುರಲಿ ಎಂದಳು. ಗಾಳಿ ಬಂದಾಗೆಲ್ಲ ಬಿಳಿಯ ಹೂ ಪುಡಿಪುಡಿಯಾಗಿ ಇಳಿಯುತ್ತಿತ್ತು, ತಲೆಯ ಮೇಲೆ, ಮಡಿಲಲ್ಲಿ, ಬಾವಿಯ ನೀರಿನ ಮೇಲೆ. ಅಷ್ಟು ಕಹಿಯ ಮರದ ಹೂವಿಗೆ ಅಷ್ಟು ಸಿಹಿ ವಾಸನೆ ಯಾಕೆ ಎಂದು ಕೇಳಿದೆ. ಅವ್ವ ಮಡಿಲಿಗೆ ಬಿದ್ದ ಹೂವನ್ನು ಸೀರೆಗೆ ಕೊಡವಿದಳು. ಜೇನುಹುಳುಗಳ ಸದ್ದಿನಲ್ಲಿ ನನಗೆ ಜೊಂಪು ಹತ್ತಿತು. ಎಚ್ಚರವಾದಾಗ ಅವ್ವನ ಕೂದಲೆಲ್ಲ ಹೂವಾಗಿ, ಅವಳೇ ಅಜ್ಜಿಯ ಹಾಗೆ ಕಂಡಳು. ನಾನು ಒಂದು ಗಳಿಗೆ ಯಾರ ಹತ್ತಿರ ಇದ್ದೇನೆಂದು ತಿಳಿಯದೆ ಸುಖವಾಗಿ ಮಲಗೇ ಇದ್ದೆ. ಆ ಗಳಿಗೆಗಾಗಿ ನಾನು ಈಗಲೂ ಏನು ಬೇಕಾದರೂ ಕೊಟ್ಟೇನು.

ಮಧ್ಯಾಹ್ನದ ಬಿಸಿಲಿಗೆ ಹೂ ಬಾಡಿ ಒಣಗಿತು. ಸಂಜೆ ಅವ್ವ ಅದನ್ನು ಹುರಿದಳು. ಹುಚ್ಚೆಳ್ಳಿನ ವಾಸನೆಯ ಜೊತೆಗೆ ಆ ಸುಟ್ಟ ಕಹಿಯ ವಾಸನೆ ಸೇರಿದಾಗ ಜಗಲಿಯಿಂದ ತಾತನ ಕೆಮ್ಮು ಕೇಳಿಸಿತು. ಅವನು ಗೋಡೆ ಹಿಡಿದುಕೊಂಡು ತಾನಾಗಿ ಒಳಗೆ ಬಂದು ಮಣೆಯ ಮೇಲೆ ಕೂತ. ಅವ್ವನೇ ಬಡಿಸಿದಳು. ತಾತ ಬೆರಳು ಅದ್ದಿದ, ನಾಲಿಗೆಗೆ ಮುಟ್ಟಿಸಿದ. ಅವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು. ತಾತ ಹಿಟ್ಟು ಮುರಿದ, ಚಟ್ನಿಯಲ್ಲಿ ಹೊರಳಿಸಿದ, ನುಂಗಿದ. ಮತ್ತೆ ಮುರಿದ. ಅಜ್ಜಿ ಸತ್ತ ಮೇಲೆ ಅವನು ಅತ್ತದ್ದು ಆಗಲೇ. ಉಣ್ಣುತ್ತಲೇ ಅತ್ತ, ಅಳುತ್ತಲೇ ಉಂಡ. ಗಂಗಳ ಖಾಲಿಯಾಯಿತು.

ಸೋಮವಾರ ಹೊತ್ತೇರಿದ ಮೇಲೆ ಅತ್ತೆಯ ಗಾಡಿ ಬಂತು. ಹಾಸಿಗೆ, ದಿಂಬು, ಹುಲ್ಲು ಹಾಸಿ ಮೆತ್ತಗೆ ಮಾಡಿಕೊಂಡು ಬಂದಿದ್ದಳು. ಅವಳು ಒಳಗೆ ಕಾಲಿಟ್ಟಾಗ ತಾತ ಎರಡನೆಯ ಮುದ್ದೆಗೆ ಗಂಗಳ ಮುಂದೆ ಮಾಡುತ್ತಿದ್ದ. ಅತ್ತೆ ನಿಂತಲ್ಲೇ ನಿಂತಳು. ಆಮೇಲೆ ಸದ್ದು ಮಾಡದೆ ತಂದೆಯ ಪಕ್ಕದಲ್ಲಿ ಕೂತು, ಅವನ ಗಂಗಳದಿಂದಲೇ ಒಂದು ಚೂರು ಚಟ್ನಿ ಬಾಯಿಗಿಟ್ಟುಕೊಂಡು ಮುಖ ಕಿವುಚಿದಳು. ತಾತ ನಕ್ಕ. ಅತ್ತೆಯ ಕಣ್ಣಲ್ಲಿ ನೀರಾಡಿತು, ಕಹಿಗೋ ಇನ್ನೇನಕ್ಕೋ. ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿ ಕಳಿಸಿದಳು. ಅವ್ವನ ಹತ್ತಿರ ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಅದು ಅವಳ ಜಾಯಮಾನವಲ್ಲ. ಅದರ ಬದಲು ಮೆತ್ತಗೆ, ಇದು ಯಾವ ಚಟ್ನಿ ಎಂದು ಕೇಳಿದಳು.

ಅವ್ವ ವಾಡಿಕೆಯಂತೆ 'ಅದೇ' ಎಂದಳು.

ತಾತ ತುತ್ತನ್ನು ಕೆಳಗಿಟ್ಟ. ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವನಿಗಿಂತ ಮೊದಲು ಅವನ ತಾಯಿಗೆ ಹುಟ್ಟಿದ ಮಕ್ಕಳಲ್ಲಿ ಒಂದೂ ಉಳಿಯಲಿಲ್ಲವಂತೆ. ಹಾಗಾಗಿ ಇವನು ಹುಟ್ಟಿದಾಗ, ಯಮನಿಗೆ ಇಂಥ ಮಗು ಬೇಡವೆನ್ನಿಸಲಿ ಎಂದು ಆ ಬೇಡದ ಹೆಸರಿಟ್ಟಳಂತೆ. ಹೊತ್ತುಹೊತ್ತಿಗೂ ಬೀದಿಯಲ್ಲಿ ನಿಂತು, ಸಾವಿಗೆ ಕೇಳಿಸುವ ಹಾಗೆ ಆ ಹೆಸರು ಹಿಡಿದು ಕೂಗುತ್ತಿದ್ದಳಂತೆ. ಅವಳು ಹೋದಳು, ಜೊತೆಯವರೆಲ್ಲ ಹೋದರು. ಮನೆಯವರಂತೂ ಬಾಯಿಗೆ ತರುವ ಹಾಗಿಲ್ಲ, ಊರವರಿಗೆ ಅವನು ಬರೀ ತಾತ.

"ಎಸ್ರು ಯೋಳುದ್ರೆ ಆಯಸ್ಸು ಸವೀತದೆ ಅಂತ ನೀವ್ ಅಂತೀರಿ," ಎಂದ ತಾತ ಅವ್ವನಿಗೆ. "ನಮ್ಮವ್ವ ಕರ್ದೂ ಕರ್ದೂ ನನ್ನ ಉಳಿಸ್ಕಂಡ್ಲು. ಈಗ ಕರಿಯೋರೇ ಇಲ್ಲ. ಕರೀದ ಎಸ್ರು ಯಾರ್ನ ಕಾಯ್ತದೆ?"

ಅವ್ವ ತಲೆ ತಗ್ಗಿಸಿದಳು. ಒಲೆಯಲ್ಲಿ ಕೊಳ್ಳಿ ಒಂದು ಸಲ ಸಿಡಿಯಿತು.

"ನನ್ನೆಸ್ರು ಬ್ಯಾಡ ಕಣವ್ವ. ಕಾಳಿನ ಎಸ್ರು ಯೋಳು, ಸಾಕು."

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ಸೆರಗನ್ನು ಕೆಳಗಿಳಿಸಿ, ಅವನ ಮುಖವನ್ನೇ ನೋಡುತ್ತಾ, ಅಕ್ಷರ ನುಂಗದೆ, 'ಹ'ವನ್ನೂ ಬಿಡದೆ, ಹುಚ್ಚೆಳ್ಳು ಎಂದಳು.

"ಓ," ಎಂದು ಓಗೊಟ್ಟ ತಾತ.